ಮಾವಿನಕಟ್ಟಿ ರೋಡ್ ಸ್ಟೇಶನ್ನಿನ ತುಳಸವ್ವ

ಕುಕ್ಕರು ಮೂರನೆಯ ಸೀಟಿ ಹೊಡೆದಾಗ ಒಲೆಯ ಕಟ್ಟೆಯ ಕೆಳಗೆ ಮಲಗಿದ್ದ ಬೆಕ್ಕು ಎದ್ದು ಓಡಿತು. ಹೊಸ್ತಿಲಲ್ಲಿ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದ ಅತ್ತೆ ಅಕ್ಕುತಾಯಿ ಬೆಚ್ಚಿಬಿದ್ದು, "ಇಳಸವಾ ಅದನ್ನ, ಜೀವಾ ಹಾರಿಸ್ತೈತಿ" ಎಂದರು. ರತ್ನಮಾಲಾಳ ತೊಡೆಯ ಮೇಲೆ ಒಲೆಗೆ ಬೆನ್ನು ಮಾಡಿ ಕೂತಿದ್ದ ಹದಿನಾಲ್ಕು ತಿಂಗಳ ತ್ರಿಶಲಾ ಮಾತ್ರ ರೆಪ್ಪೆ ಕೂಡ ಬಡಿಯದೆ ತಾಯಿಯ ಕೊರಳಿನ ಕರಿಮಣಿಯನ್ನು ಒಂದೊಂದಾಗಿ ಸರಿಸುತ್ತಿದ್ದಳು.

ಆವತ್ತು ಹೊಕ್ಕ ಸಂಶಯ ಆಮೇಲೆ ಹೋಗಲಿಲ್ಲ. ಸೀರೆಯ ಅಂಚಿಗೆ ಹತ್ತಿದ ಹುಲ್ಲುಮುಳ್ಳಿನ ಹಾಗೆ, ಕಿತ್ತೆಸೆದೆನೆಂದು ನಡೆದರೆ ನಾಲ್ಕು ಹೆಜ್ಜೆಗೆ ಮತ್ತೆ ಚುಚ್ಚುತ್ತಿತ್ತು. ಕೂಸಿಗೆ ಕಿವಿ ಕೇಳಿಸುತ್ತದೆಯೋ ಇಲ್ಲವೋ?

ಇದನ್ನು ಯಾರ ಮುಂದೆ ಆಡುವುದು? ಗಂಡ ಭೂಪಾಲ ಮಾವಿನಕಟ್ಟಿ ರೋಡಿನ ಸ್ಟೇಶನ್ ಮಾಸ್ತರ. ರಾಯಬಾಗ ತಾಲೂಕಿನ ಸಣ್ಣ ಸ್ಟೇಶನ್ನು ಅದು. ಊರು ಅಲ್ಲಿಂದ ಎರಡು ಮೈಲು. ಊರಿಗೆ ಹೋಗುವ ರಸ್ತೆಯಷ್ಟೇ ಸ್ಟೇಶನ್ನಿನ ಪಾಲಿಗೆ ಬಂದದ್ದರಿಂದ ಹೆಸರಿನ ಬಾಲಕ್ಕೆ 'ರೋಡ್' ಸೇರಿಕೊಂಡಿತ್ತು. ಎರಡೂ ಬದಿಗೆ ಕಬ್ಬು, ನಡುವೆ ಮೀಟರ್‌ಗೇಜಿನ ಒಂಟಿ ಹಳಿ. ಮಿರಜಿಗೂ ಬೆಳಗಾವಿಗೂ ಹೋಗಿಬರುವ ಪ್ಯಾಸೆಂಜರ್ ಗಾಡಿಗಳು ಇಲ್ಲಿ ನಿಂತು, ಹಾಲಿನ ಕ್ಯಾನು, ಬಾಳೆಗೊನೆ, ಕೋರ್ಟಿಗೆ ಹೋಗುವವರು ಎಲ್ಲವನ್ನೂ ಹತ್ತಿಸಿಕೊಂಡು ಹೋಗುತ್ತಿದ್ದವು. ಎಕ್ಸ್‌ಪ್ರೆಸ್ ಮಾತ್ರ ನಿಲ್ಲುತ್ತಿರಲಿಲ್ಲ. ಒಂಟಿ ಹಳಿಯಾದ್ದರಿಂದ, ಮುಂದಿನ ಸ್ಟೇಶನ್ನಿನವರೆಗೂ ಹಾದಿ ಖಾಲಿ ಇದೆ ಎಂಬುದಕ್ಕೆ ಗುರುತಾಗಿ ಲೋಹದ ಒಂದು ಗುಂಡನ್ನು ಚರ್ಮದ ಚೀಲದಲ್ಲಿಟ್ಟು, ಬೆತ್ತದ ದೊಡ್ಡ ಬಳೆಗೆ ಸಿಗಿಸಿ ಡ್ರೈವರನಿಗೆ ಕೊಡಬೇಕು. ಪಾಯಿಂಟ್ಸ್‌ಮನ್ ಸತ್ತೆಪ್ಪ ಆ ಬಳೆಯನ್ನು ಎತ್ತಿ ಹಿಡಿದು ನಿಲ್ಲುತ್ತಿದ್ದ. ಓಡುವ ಎಂಜಿನ್ನಿನಿಂದ ಒಂದು ತೋಳು ಹೊರಗೆ ಬಂದು ಅದನ್ನು ಸರಕ್ಕನೆ ಎತ್ತಿಕೊಂಡು ಹೋಗುತ್ತಿತ್ತು. ಅಷ್ಟೇ ಎಕ್ಸ್‌ಪ್ರೆಸ್ಸಿಗೂ ಮಾವಿನಕಟ್ಟಿ ರೋಡಿಗೂ ಇದ್ದ ಸಂಬಂಧ.

ಭೂಪಾಲನ ಆಫೀಸಿನ ಗೋಡೆಯ ಮೇಲೆ ಯಾವುದೋ ಯಂತ್ರದ ಕಂಪನಿಯ ಕ್ಯಾಲೆಂಡರು ತೂಗುತ್ತಿತ್ತು. ಅದರ ಮಾರ್ಚ್ ತಿಂಗಳಿನಲ್ಲಿ ಜಪಾನಿನ ಒಂದು ಸಣ್ಣ ಊರಿನ ಸ್ಟೇಶನ್ನಿನ ಚಿತ್ರ. ಒಂದು ಬದಿಗೆ ಉದ್ದ ಮೂಗಿನ ಬಿಳಿಯ ವೇಗದ ರೈಲು, ಇನ್ನೊಂದು ಬದಿಗೆ ಎರಡೇ ಡಬ್ಬಿಯ ಲೋಕಲ್ಲು, ನಡುವೆ ಬೆನ್ನಿಗೆ ಕೂಸು ಕಟ್ಟಿಕೊಂಡು ನಿಂತ ಹೆಂಗಸು. "ನೋಡ, ಅಲ್ಲಿ ಓಡೂ ಗಾಡಿನೂ ಸಣ್ಣ ಊರಿಗಿ ನಿಂದರ್ತೈತಿ" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದ ಭೂಪಾಲ ಆ ಹಾಳೆಯನ್ನು ಮಗುಚಿದ್ದೇ ಇಲ್ಲ. ಹೀಗಾಗಿ ತೊಂಬತ್ಮೂರನೆಯ ಇಸವಿಯಲ್ಲೂ ಅವನ ಆಫೀಸಿನಲ್ಲಿ ನಾಲ್ಕು ವರ್ಷದ ಹಿಂದಿನ ಮಾರ್ಚ್ ತಿಂಗಳೇ ನಡೆದಿತ್ತು.

ಗಂಡ ಕೆಟ್ಟವನಲ್ಲ. ಆದರೆ ರತ್ನಮಾಲಾಳ ಹೆದರಿಕೆಗಳ ಲೆಕ್ಕ ಅವನ ಬಾಯಲ್ಲೇ ಇತ್ತು. ಕೂಸಿನ ನೆತ್ತಿ ಮಿಡಿಯುತ್ತದೆ ಎಂದು ರಾಯಬಾಗದ ಡಾಕ್ಟರನ್ನು ಕರೆಸಿದ್ದಳು; ಎಲ್ಲ ಕೂಸುಗಳ ನೆತ್ತಿಯೂ ಮಿಡಿಯುತ್ತದೆ ಎಂದು ಅವರು ಚಹಾ ಕುಡಿದು ಹೋದರು. ಅಂಗಿಯ ಗುಂಡಿ ನುಂಗಿದೆ ಎಂದು ಗೂಡ್ಸ್ ಗಾಡಿಯ ಗಾರ್ಡಿನ ಡಬ್ಬಿಯಲ್ಲಿ ಮಿರಜಿಗೆ ಓಡಿದ್ದಳು; ಗುಂಡಿ ಮನೆಯಲ್ಲೇ, ಅತ್ತೆಯ ಅಡಿಕೆ ಚೀಲದಲ್ಲಿತ್ತು. ಬೆಳಗಾವಿಯಲ್ಲಿ ಬಿ.ಎಸ್ಸಿ. ಓದಿದವಳಿಗೆ ಪುಸ್ತಕದ ರೋಗಗಳೆಲ್ಲ ಗೊತ್ತು, ಮನೆಯ ಕೂಸು ಗೊತ್ತಿಲ್ಲ ಎಂದು ನೆಂಟರಲ್ಲಿ ಮಾತಾಯಿತು. ಆಗ ಭೂಪಾಲ ನಗುತ್ತಲೇ, "ಇನ್ನೊಮ್ಮಿ ಡಾಕ್ಟರ್ ಅಂದಿ ಅಂದ್ರ ಮೊದಲ ನಿನ್ನ ನಾಡಿ ಹಿಡಿಸ್ತೀನಿ ನೋಡ" ಎಂದಿದ್ದ.

ಅದಕ್ಕೇ ಈ ಸಲ ಅವಳು ಬಾಯಿ ಬಿಡಲಿಲ್ಲ. ಖಾತ್ರಿಯಾದ ಮೇಲೆಯೇ ಹೇಳುವುದು, ಹೇಳಿದ ಮೇಲೆ ಯಾರ ಮಾತಿಗೂ ಹಿಂದೆ ಸರಿಯುವುದಿಲ್ಲ ಎಂದು ಒಳಗೇ ಗಂಟು ಹಾಕಿಕೊಂಡಳು. ಕಾಲೇಜಿನ ಗೆಳತಿಗೆ ಪತ್ರ ಬರೆದು ಮಿರಜಿನ ಒಂದು ಕಿವಿಯ ಆಸ್ಪತ್ರೆಯ ಫೋನ್ ನಂಬರು ತರಿಸಿಕೊಂಡಳು. ಮನೆಯಲ್ಲಿಟ್ಟರೆ ಅತ್ತೆಯ ಕಣ್ಣಿಗೆ ಬೀಳುತ್ತದೆಂದು, ಗಂಡನಿಗೆ ಊಟದ ಡಬ್ಬಿ ಕೊಡಲು ಹೋದಾಗ ಅದನ್ನು ಕ್ಯಾಲೆಂಡರಿನ ಮಾರ್ಚ್ ಹಾಳೆಯ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಬರೆದಿಟ್ಟಳು. ಆ ಹಾಳೆಯನ್ನು ಈ ಭೂಮಿಯ ಮೇಲೆ ಯಾರೂ ಮಗುಚುವವರಿರಲಿಲ್ಲ.

ಪರೀಕ್ಷೆಗಳು ಶುರುವಾದವು. ಕೂಸನ್ನು ಅಡುಗೆಮನೆಯ ಫರ್ಸಿಕಲ್ಲಿನ ನೆಲದ ಮೇಲೆ ಕೂರಿಸಿ, ಹಿಂದಿನಿಂದ ಸ್ಟೀಲಿನ ತಾಟು ಬೀಳಿಸಿದಳು. ತ್ರಿಶಲಾ ತಟ್ಟನೆ ಹೊರಳಿ ನೋಡಿ ನಕ್ಕಳು. ರತ್ನಮಾಲಾ ಅಲ್ಲೇ ಕುಸಿದು ಕೂತು ಅತ್ತಳು, ಖುಷಿಗೆ. ಮರುದಿನ ಕೂಸು ದಪ್ಪ ಕೌದಿಯ ಮೇಲೆ ಮಲಗಿದ್ದಾಗ ಹಿಂದಿನಿಂದ ಹೆಸರು ಹಿಡಿದು ಕರೆದಳು, ಹೊರಳಲಿಲ್ಲ. ಚಪ್ಪಾಳೆ ತಟ್ಟಿದಳು, ಒಮ್ಮೆ ಹೊರಳಿತು, ಒಮ್ಮೆ ಇಲ್ಲ. ಒಂದು ದಿನ ಹೌದು, ಒಂದು ದಿನ ಅಲ್ಲ. ಪ್ರಯೋಗಶಾಲೆಯಲ್ಲಿ ಹೀಗೆ ಉತ್ತರ ಬಂದರೆ ಎಲ್ಲೋ ಅಳತೆ ತಪ್ಪಿದೆ ಎಂದು ಕಾಲೇಜಿನ ಮಾಸ್ತರು ಹೇಳುತ್ತಿದ್ದರು. ಏನು ತಪ್ಪುತ್ತಿದೆ ಎಂಬುದೇ ತಿಳಿಯಲಿಲ್ಲ.

ಸ್ಟೇಶನ್ನಿನವರಿಗಂತೂ ಸಂಶಯವೇ ಇರಲಿಲ್ಲ. ಕ್ವಾರ್ಟರ್ಸಿನ ಗೋಡೆಯಿಂದ ಹದಿನೈದು ಹೆಜ್ಜೆಗೆ ಎಕ್ಸ್‌ಪ್ರೆಸ್ ಹಾದುಹೋದರೂ ಮಂಚದ ಮೇಲಿನ ಕೂಸು ಏಳುತ್ತಿರಲಿಲ್ಲ. ಅದರಲ್ಲಿ ಅವರಿಗೆ ವಿಶೇಷ ಕಾಣಲಿಲ್ಲ.

"ರೈಲ್ವೆ ಕೂಸು ಅದು, ಬಾಯಾರ. ಹುಟ್ಟಿದಾಗಿಂದ ಕೇಳಿ ಕೇಳಿ ರೂಢಿ ಆಗೈತಿ" ಎಂದ ಸತ್ತೆಪ್ಪ. "ನನ್ನ ಮಕ್ಕಳೂ ಹಂಗ ಇದ್ದೂ. ಊರಾಗಿನ ಅಜ್ಜಿ ಮನಿಗಿ ಕಳಿಸಿದ್ರ, ಗಾಡಿ ಸಪ್ಪಳಿಲ್ಲಂತ ನಿದ್ದಿನ ಮಾಡ್ತಿದ್ದಿಲ್ಲ."

ಅಕ್ಕುತಾಯಿಯವರದು ಇನ್ನೂ ಒಂದು ಕೈ ಮೇಲು. ಎಚ್ಚರವಿದ್ದು ಪ್ಲಾಟ್‌ಫಾರಂ ಮೇಲೆ ಆಡುತ್ತಿದ್ದಾಗ ಕೂಸಿಗೆ ಗಾಡಿ ಬರುವುದು ಎಲ್ಲರಿಗಿಂತ ಮೊದಲೇ ತಿಳಿಯುತ್ತಿತ್ತು. ಆಟ ಬಿಟ್ಟು ತಲೆ ಎತ್ತಿ, ಹಳಿಯ ಕಡೆ ನೋಡಿ ಕೈ ಬಡಿಯುತ್ತಿತ್ತು. ಆಮೇಲೆ ಎಷ್ಟೋ ಹೊತ್ತಿಗೆ ಹಾರ್ನು ಕೇಳುತ್ತಿತ್ತು. "ನಮ್ಮ ಮೊಮ್ಮಗಳ ಕಿವಿ ಅಂದ್ರ ಮೊಲದ ಕಿವಿ" ಎಂದು ಕಾಗವಾಡದ ತವರಿನವರೆಗೂ ಸುದ್ದಿ ಮುಟ್ಟಿಸಿದ್ದರು ಅವರು. ಅಂಥ ಕೂಸಿಗೆ ಕಿವುಡು ಎಂದರೆ ನಗದೆ ಇನ್ನೇನು ಮಾಡಿಯಾರು?

ಆ ಸ್ಟೇಶನ್ನಿನಲ್ಲಿ ಕೂಸನ್ನು ಹೊಗಳದವಳು ಒಬ್ಬಳೇ, ನೀರಿನ ತುಳಸವ್ವ. ಐವತ್ತರ ಹತ್ತಿರದ ಹೆಂಗಸು, ಬಿದಿರಿನ ಹಾಗೆ ನೆಟ್ಟಗಿನ ಬೆನ್ನು. ಮಡಕೆಗಳಿಗೆ ನೀರು ತುಂಬುವುದು, ಗಾಡಿ ನಿಂತಾಗ ಕಿಟಕಿಗಳಿಗೆ ನೀರು ಕೊಡುವುದು, ಪ್ಲಾಟ್‌ಫಾರಮಿಗೆ ನೀರು ಚಿಮುಕಿಸಿ ಗುಡಿಸುವುದು ಅವಳ ಕೆಲಸ. ರೈಲ್ವೆಯವರು ಕೊಟ್ಟ ನೀಲಿ ಸೀರೆ ಉಡುತ್ತಿದ್ದಳು, ಅವರು ಕೊಟ್ಟ ಚಪ್ಪಲಿ ಮಾತ್ರ ಮೆಟ್ಟುತ್ತಿರಲಿಲ್ಲ. ಬೇಸಿಗೆಯ ಮಧ್ಯಾಹ್ನದಲ್ಲೂ ಬರಿಗಾಲು. ದಿಮಾಕಿನವಳು ಎಂದು ಹೆಸರು. ಹಿಂದಿನಿಂದ ಎಷ್ಟು ಕೂಗಿದರೂ ತಿರುಗಿ ನೋಡುವವಳಲ್ಲ.

"ಆಕಿಗಿ ಕೆಲಸ ಹೇಳಬೇಕಂದ್ರ ಹುಬ್ಬಳ್ಳಿ ದೊಡ್ಡ ಆಫೀಸಿನಿಂದ ಕಾಗದ ಬರಬೇಕ್ರಿ" ಎಂದು ಸತ್ತೆಪ್ಪ ಚುಚ್ಚುತ್ತಿದ್ದ. "ನಾವು ಕೂಗಿದ್ರ ಕಿಮ್ಮತ್ತಿಲ್ಲ."

ರತ್ನಮಾಲಾಳಿಗೂ ಒಂದು ಸಿಟ್ಟಿತ್ತು. ಹೋಳಿ ಹುಣ್ಣಿಮೆ ಆದ ಹೊಸದರಲ್ಲಿ ತ್ರಿಶಲಾ ಪ್ಲಾಟ್‌ಫಾರಮಿನ ಅಂಚಿಗೆ ಅಂಬೆಗಾಲಿಟ್ಟು ಹೊರಟಾಗ ಅವಳು ದೂರದಿಂದ "ತುಳಸವ್ವಾ, ಕೂಸು ಹಿಡೀರಿ" ಎಂದು ಮೂರು ಸಲ ಅರಚಿದ್ದಳು. ಕೂಸಿನಿಂದ ನಾಲ್ಕು ಹೆಜ್ಜೆ ಮುಂದೆ ಬೆನ್ನು ಹಾಕಿ ಗುಡಿಸುತ್ತಿದ್ದ ತುಳಸವ್ವ ಹೊರಳಲೇ ಇಲ್ಲ. ರತ್ನಮಾಲಾ ತಾನೇ ಓಡಿಬಂದು ಕೂಸನ್ನು ಎತ್ತಿಕೊಳ್ಳಬೇಕಾಯಿತು. ಆಮೇಲಷ್ಟೇ ತುಳಸವ್ವ ತಿರುಗಿ ನೋಡಿದ್ದು. ತಾಯಿಯನ್ನಲ್ಲ, ಕೂಸನ್ನು, ಬಹಳ ಹೊತ್ತು.

ಅದು ಮೇ ತಿಂಗಳ ಒಂದು ಮಧ್ಯಾಹ್ನ. ಎಕ್ಸ್‌ಪ್ರೆಸ್ ಒಂದು ತಾಸು ತಡ. ಬೇವಿನ ಮರದ ನೆರಳಲ್ಲಿ ರತ್ನಮಾಲಾ ಕೂತಿದ್ದಳು. ತ್ರಿಶಲಾ ಪ್ಲಾಟ್‌ಫಾರಮಿನ ಕಲ್ಲಿನ ಮೇಲೆ ಎರಡೂ ಅಂಗೈ ಊರಿ ಇರುವೆ ನೋಡುತ್ತಿದ್ದಳು. ಹತ್ತು ಮಾರು ಆಚೆ ತುಳಸವ್ವ ಬಕೆಟ್ಟಿನಿಂದ ನೀರು ಚಿಮುಕಿಸುತ್ತಿದ್ದಳು. ಗಾಳಿಯಿಲ್ಲ, ಹಕ್ಕಿಯಿಲ್ಲ, ಕಬ್ಬಿನ ಎಲೆ ಸಹ ಅಲುಗುತ್ತಿರಲಿಲ್ಲ.

ಕೂಸು ತಲೆ ಎತ್ತಿತು. ಅದೇ ಗಳಿಗೆಗೆ ತುಳಸವ್ವನ ಕೈ ಬಕೆಟ್ಟಿನ ಮೇಲೆ ತಡೆಯಿತು, ಅವಳ ತಲೆಯೂ ಎದ್ದಿತು. ಇಬ್ಬರೂ ಒಂದೇ ದಿಕ್ಕಿಗೆ ನೋಡಿದರು. ರತ್ನಮಾಲಾ ಕಿವಿಗೊಟ್ಟಳು. ಏನೂ ಕೇಳಿಸಲಿಲ್ಲ. ಅವಳು ಹತ್ತೋ ಹನ್ನೆರಡೋ ಉಸಿರು ಎಳೆದುಬಿಟ್ಟ ಮೇಲೆ ದೂರದಲ್ಲಿ ಹಾರ್ನು. ಸತ್ತೆಪ್ಪ ಬೆತ್ತದ ಬಳೆ ಹಿಡಿದು ಓಡಿದ. ಭೂಪಾಲ ಹಸಿರು ಬಾವುಟ ಹಿಡಿದು ಬಂದು ನಿಂತ. ಧೂಳೆಬ್ಬಿಸಿಕೊಂಡು ಗಾಡಿ ಬಂತು, ಹೋಯಿತು.

ರತ್ನಮಾಲಾಳ ಕಣ್ಣು ತುಳಸವ್ವನ ಬರಿಗಾಲಿನ ಮೇಲಿತ್ತು. ಆಮೇಲೆ ಕೂಸಿನ ಅಂಗೈಯ ಮೇಲೆ. ತಾಟು ಬಿದ್ದದ್ದು ಫರ್ಸಿಯ ಮೇಲೆ. ಕರೆದದ್ದು ಕೌದಿಯ ಮೇಲಿದ್ದಾಗ. ತಪ್ಪಿದ ಅಳತೆ ಯಾವುದೆಂದು ಆಗ ಅವಳಿಗೆ ಹೊಳೆಯಿತು.

ಆದರೂ ಖಾತ್ರಿಯಾಗಬೇಕು. ಕೂಸನ್ನು ಕಂಕುಳಿಗೇರಿಸಿ ಮೆಲ್ಲಗೆ ಹೋಗಿ ತುಳಸವ್ವನ ಬೆನ್ನ ಹಿಂದೆ, ಮೂರು ಹೆಜ್ಜೆಗೆ ನಿಂತಳು.

"ತುಳಸವ್ವಾ, ನಿಮ್ಮ ಕಾಲಾಗ ಹಾವು" ಎಂದಳು, ಸಣ್ಣಗಲ್ಲ.

ಪ್ಲಾಟ್‌ಫಾರಮಿನ ಆ ತುದಿಯಲ್ಲಿದ್ದ ಸತ್ತೆಪ್ಪ ಬೆಂಚಿನ ಮೇಲೆ ಹಾರಿ ನಿಂತ. "ಎಲ್ಲಿರಿ ಬಾಯಾರ, ಎಷ್ಟುದ್ದ ಐತಿ?"

ತುಳಸವ್ವ ನೀರು ಚಿಮುಕಿಸುತ್ತಲೇ ಮುಂದೆ ಹೋದಳು.

"ಏನಿಲ್ಲ ಸತ್ತೆಪ್ಪ, ಹಗ್ಗ" ಎಂದಳು ರತ್ನಮಾಲಾ. ಸತ್ತೆಪ್ಪ ಬೆಂಚಿನಿಂದ ಇಳಿಯುತ್ತ, "ನೋಡ್ರಿ, ಹಾವಿಗೂ ಕಿಮ್ಮತ್ತಿಲ್ಲ ಆಕಿಗಿ" ಎಂದು ಗೊಣಗಿದ.

ದೀಪದ ಕೋಣೆಯಲ್ಲಿ, ಸಿಗ್ನಲ್ಲಿನ ದೀಪಗಳಿಗೆ ಸೀಮೆಎಣ್ಣೆ ತುಂಬುವ ಆ ಸಣ್ಣ ಗೂಡಿನಲ್ಲಿ, ತುಳಸವ್ವ ಬಕೆಟ್ಟು ಇಡಲು ಬಂದಾಗ ರತ್ನಮಾಲಾ ಬಾಗಿಲಿಗೆ ಅಡ್ಡ ನಿಂತಳು.

"ನಿಮಗ ಕಿವಿ ಕೇಳಸ್ತೈತೇನು ತುಳಸವ್ವಾ?"

"ಯಾಕ ಕೇಳಂಗಿಲ್ಲ? ಈಗ ನೀವು ಕೇಳಿದ್ದು ಕೇಳಿತಲ್ಲರಿ, ಬಾಯಾರ."

ರತ್ನಮಾಲಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಇನ್ನೊಂದು ಮಾತು ಆಡಿದಳು. ಸೆರಗು ತೆಗೆದು, "ಈಗ ನಾ ಏನಂದೆ?" ಎಂದಳು.

ತುಳಸವ್ವ ಅವಳ ತುಟಿಯಿಂದ ಕಣ್ಣು ತೆಗೆದಳು. ಬಕೆಟ್ಟು ಕೆಳಗಿಟ್ಟಳು. ನೆಟ್ಟಗಿದ್ದ ಬೆನ್ನು ಮೊದಲ ಸಲ ಸ್ವಲ್ಪ ಬಾಗಿದಂತೆ ಕಂಡಿತು.

"ಮಾಸ್ತರಿಗಿ ಹೇಳ್ತೀರೇನ್ರಿ?"

"ನಿಮ್ಮ ನೌಕರಿ ತಗೊಂಡು ನಾ ಏನ ಮಾಡ್ಲಿ? ನನಗ ನನ್ನ ಮಗಳದು ತಿಳೀಬೇಕು."

ತುಳಸವ್ವ ಕೂಸಿನ ಕೆನ್ನೆಗೆ ಒದ್ದೆ ಬೆರಳು ಮುಟ್ಟಿಸಿದಳು. "ಕೂಸಿಗಿ ಕೇಳಂಗಿಲ್ಲ. ಅಂಗೈ, ಅಂಗಾಲಿನಿಂದ ತಿಳಕೊಂತೈತಿ. ಹೋಳಿ ಹುಣ್ಣಿವಿಯಿಂದ ನನಗ ಗೊತ್ತೈತಿ."

"ಎರಡ ತಿಂಗಳು. ಎರಡ ತಿಂಗಳಿಂದ ಗೊತ್ತಿದ್ದೂ ಸುಮ್ಮನಿದ್ರ್ಯಾ?" ಎಂದಳು ರತ್ನಮಾಲಾ.

"ಹೇಳಿದ್ರ, ನಿನಗ ಹೆಂಗ ಗೊತ್ತಾತು ಅಂತ ನೀವು ಕೇಳ್ತಿದ್ರಿ."

ರತ್ನಮಾಲಾ ಬಾಗಿಲು ಬಿಟ್ಟು ಒಳಗೆ ಬಂದಳು. ಕಂಕುಳಿನ ಕೂಸು ಇಬ್ಬರ ಬಾಯಿಯನ್ನೂ ಸರದಿಯಾಗಿ ನೋಡುತ್ತಿತ್ತು.

ಅಲ್ಲಿಯೇ, ಎಣ್ಣೆಯ ಡಬ್ಬಿಗಳ ಮಧ್ಯೆ ಕೂತು ತುಳಸವ್ವ ತನ್ನ ಕಥೆ ಹೇಳಿದಳು. ಹುಟ್ಟಿದ್ದು ಪಾಲಬಾವಿಯಲ್ಲಿ, ಹೊಲದ ಕೂಲಿಯವರ ಮನೆ. ಹದಿನಾರಕ್ಕೆ ಜ್ಞಾನದೇವನ ಕೈ ಹಿಡಿದು ಈ ಸ್ಟೇಶನ್ನಿಗೆ ಬಂದಳು. ಅವನು ಇಲ್ಲಿ ಪಾಯಿಂಟ್ಸ್‌ಮನ್, ಬೆತ್ತದ ಬಳೆ ಎತ್ತಿ ಹಿಡಿಯುವುದರಲ್ಲಿ ಅವನ ಸಮ ಇರಲಿಲ್ಲ. ಒಮ್ಮೆಯೂ ಡ್ರೈವರನ ಕೈ ತಪ್ಪಿಸಿದವನಲ್ಲ. ಎಂಬತ್ತೊಂದರಲ್ಲಿ ಕಾಮಾಲೆಯಾಗಿ ತೀರಿಕೊಂಡ. ಅವನ ಜಾಗದ ಬದಲು ರೈಲ್ವೆಯವರು ಇವಳಿಗೆ ನೀರಿನ ಕೆಲಸ ಕೊಟ್ಟರು. ಮೂರು ವರ್ಷಕ್ಕೆ ಇವಳಿಗೆ ಮುದತಿ ಜ್ವರ, ಟೈಫಾಯ್ಡ್, ಬಂತು, ಇಪ್ಪತ್ತೊಂದು ದಿನ ಸುಟ್ಟಿತು. ಎದ್ದು ಕೂತಾಗ ಲೋಕವೆಲ್ಲ ಹತ್ತಿಯಲ್ಲಿ ಸುತ್ತಿಟ್ಟಂತೆ ಇತ್ತು.

"ಯಾರ ಮುಂದ ಹೇಳಲಿ? ಹೇಳಿದ್ರ ಮೆಡಿಕಲ್ಲಿಗಿ ಕಳಸ್ತಾರ, ಅನ್‌ಫಿಟ್ ಅಂತ ಚೀಟಿ ಬರೀತಾರ. ಮನ್ಯಾಗ ಎರಡ ಹೆಣ್ಣ ಮಕ್ಕಳು. ಕಲತ್ನಿ ಬಾಯಾರ. ಮಂದಿ ತುಟಿ ನೋಡಾಕ ಕಲತ್ನಿ. ಗೋಡಿಗಿ ಬೆನ್ನ ಹಚ್ಚಿ ನಿಂದ್ರೂದ ಕಲತ್ನಿ. ಒಂದ ದಿನ ಚಪ್ಪಲಿ ಹರದಿತ್ತು, ಬರಿಗಾಲಿಲೆ ಬಂದ್ನಿ. ಗಾಡಿ ಬರೂದು ಕಾಲಾಗ ಬಂತು. ಆವತ್ತ ಚಪ್ಪಲಿ ತಗದ್ನಿ."

"ಮಂದಿ ದಿಮಾಕು ಅಂತಾರ, ಬ್ಯಾಸರ ಆಗಂಗಿಲ್ಲ?"

"ಅನ್ನಲಿ ಬಿಡ್ರಿ. ದಿಮಾಕಿಗಿ ನೌಕರಿ ಹೋಗಂಗಿಲ್ಲ." ತುಳಸವ್ವ ನಕ್ಕಳು. "ಸತ್ತೆಪ್ಪಗ ಅಷ್ಟ ಹೇಳಬ್ಯಾಡ್ರಿ, ಒಂಬತ್ತ ವರ್ಷದಿಂದ ನನ್ನ ಮ್ಯಾಲ ಅಂವಗ ಸಿಟ್ಟೈತಿ. ಅದು ಸುಳ್ಳಾದ್ರ ಪಾಪ, ಏನ ಮಾಡಬೇಕಂವ?"

ಆ ಎರಡು ಹೆಣ್ಣುಮಕ್ಕಳಲ್ಲಿ ಹಿರಿಯವಳನ್ನು ಸತ್ತಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಾಗಿತ್ತು. ಕಿರಿಯವಳು ಅಥಣಿಯಲ್ಲಿ ನರ್ಸಿನ ಕೆಲಸ ಕಲಿಯುತ್ತಿದ್ದಳು. ಇಬ್ಬರಿಗೂ ತಾಯಿಯ ಕಿವಿಯ ವಿಷಯ ತಿಳಿದಿತ್ತು, ಇಬ್ಬರೂ ಹೊರಗೆ ಆಡಿರಲಿಲ್ಲ.

ಹೊರಡುವ ಮೊದಲು ತುಳಸವ್ವ ಎದ್ದು ನಿಂತು ಹೇಳಿದಳು: "ನನ್ನ ಮಾತ ನಂಬಬ್ಯಾಡ್ರಿ. ನಾ ಡಾಕ್ಟರ್ ಅಲ್ಲ. ನಾಳಿ ಮುಂಜಾನಿ ಕೂಸಿನ್ನ ನೆಲಾ ಬಿಡಿಸಿ ನೋಡ್ರಿ. ಬೇವಿನ ಗಿಡಕ್ಕ ಜೋಳಿಗಿ ಕಟ್ಟತೀನಿ. ಗಂಟಿ ಅಲ್ಲೇ ಐತಿ."

ಆ ಮರದ ಕೊಂಬೆಗೆ ಒಂದು ತುಂಡು ಹಳಿ ನೇತುಹಾಕಿದ್ದರು. ಗಾಡಿ ಹಿಂದಿನ ಸ್ಟೇಶನ್ ಬಿಟ್ಟ ಸುದ್ದಿ ಬಂದಾಗ ಸತ್ತೆಪ್ಪ ಅದನ್ನು ಕಬ್ಬಿಣದ ಸಲಾಕೆಯಿಂದ ಬಾರಿಸುತ್ತಿದ್ದ. ಸಪ್ಪಳಕ್ಕೆ ಅರ್ಧ ಮೈಲು ಆಚೆಯ ಎತ್ತುಗಳು ಕಿವಿ ನಿಮಿರಿಸುತ್ತಿದ್ದವು.

ಮರುದಿನ ಬೆಳಗಿನ ಮಿರಜ ಪ್ಯಾಸೆಂಜರಿನ ಹೊತ್ತಿಗೆ, ತುಳಸವ್ವ ತನ್ನ ಹಳೆಯ ಸೀರೆಯನ್ನು ಇನ್ನೊಂದು ಕೊಂಬೆಗೆ ಜೋಳಿಗೆ ಕಟ್ಟಿದಳು. ತ್ರಿಶಲಾಳನ್ನು ಅದರಲ್ಲಿ ಕೂರಿಸಿ ಹಳಿಯ ತುಂಡಿಗೆ ಬೆನ್ನು ಮಾಡಿದರು. ಅಕ್ಕುತಾಯಿ ಮನೆಯ ಬಾಗಿಲಲ್ಲಿ ನಿಂತು, "ಏನವಾ ಇದು, ಮನ್ಯಾಗ ತೊಟ್ಟಿಲಿಲ್ಲೇನು?" ಎಂದರು. ರತ್ನಮಾಲಾ ಸೀದಾ ಆಫೀಸಿಗೆ ಹೋಗಿ ಗಂಡನನ್ನು ಹೊರಗೆ ಕರೆದಳು.

"ನಿಮಗ ಎರಡ ನಿಮಿಷ ಕೆಲಸ ಐತಿ. ಏನೂ ಮಾತಾಡಬ್ಯಾಡ್ರಿ. ಬಂದು ಕೂಸಿನ ಮುಖಾ ಅಷ್ಟ ನೋಡ್ರಿ."

"ಮತ್ತ ಏನ ಆತು? ಏನರ ನುಂಗ್ಯಾಳೇನು?"

"ನೋಡ್ರಿ ಅಂದ್ನಿ."

ಅವಳ ದನಿಯಲ್ಲಿ ಏನೋ ಇತ್ತು. ಭೂಪಾಲ ನಗಲಿಲ್ಲ, ಬಂದು ಜೋಳಿಗೆಯ ಮುಂದೆ ನಿಂತ. ತ್ರಿಶಲಾ ಅಪ್ಪನನ್ನು ಕಂಡು ಕೈ ಚಾಚಿದಳು. ಅವನ ಬೆರಳು ಹಿಡಿದು ಬಾಯಿಗೆ ಹಾಕಿಕೊಂಡಳು. ರತ್ನಮಾಲಾ ಸತ್ತೆಪ್ಪನಿಗೆ ತಲೆ ಆಡಿಸಿದಳು.

ಮೂರು ಹೆಜ್ಜೆ ಹಿಂದೆ ಸಲಾಕೆ ಹಳಿಗೆ ಬಡಿಯಿತು. ಮರದ ಬುಡದ ನಾಯಿ ಕುಂಯ್ ಎಂದು ಓಡಿತು. ಅಕ್ಕುತಾಯಿ ಕಿವಿ ಮುಚ್ಚಿಕೊಂಡರು. ಬಡಿಯುವುದು ಗೊತ್ತಿದ್ದ ಭೂಪಾಲನ ಹೆಗಲು ಕೂಡ ಹಾರಿತು. ಕೂಸು ಅವನ ಬೆರಳನ್ನು ಇನ್ನೂ ಒಳಗೆ ಎಳೆದುಕೊಂಡು, ಎರಡು ಹಲ್ಲಿನಿಂದ ಕಚ್ಚಿ, ಅವನ ಮುಖ ನೋಡಿ ನಕ್ಕಿತು.

"ಇನ್ನೊಮ್ಮಿ ಬಾರಸ" ಎಂದ ಭೂಪಾಲ.

ಸತ್ತೆಪ್ಪ ಮತ್ತೆ ಬಾರಿಸಿದ. ಮತ್ತೆ. ನಾಲ್ಕನೆಯ ಸಲಕ್ಕೆ ತಾನೇ ಸಲಾಕೆ ಕೆಳಗಿಟ್ಟು, ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು ನಿಂತ. ಬಾಗಿಲಲ್ಲಿದ್ದ ಅಕ್ಕುತಾಯಿ ಮೆಲ್ಲಗೆ ಬಂದು ಮೊಮ್ಮಗಳ ಎರಡೂ ಕಿವಿಗಳನ್ನು ತಮ್ಮ ಅಂಗೈಯಲ್ಲಿ ಹಿಡಿದರು, ಆಗ ತಾನೇ ನೋಡಿದವರ ಹಾಗೆ.

ಪ್ಯಾಸೆಂಜರ್ ಬಂದು ಹೋಗುವವರೆಗೂ ಭೂಪಾಲ ತನ್ನ ಕೆಲಸ ಮಾಡಿದ. ಟಿಕೆಟ್ ಕೊಟ್ಟ, ಬಾವುಟ ತೋರಿಸಿದ. ಆಮೇಲೆ ಆಫೀಸಿನ ಕುರ್ಚಿಯಲ್ಲಿ ಕೂತವನು ಏಳಲಿಲ್ಲ. ರತ್ನಮಾಲಾ ಒಳಗೆ ಬಂದಾಗ, "ಈ ವಾರ ನನಗ ರಜಾ ಸಿಗಂಗಿಲ್ಲ ರತ್ನಾ. ಮುಂದಿನ ವಾರ ರಿಲೀಫ್ ಮಾಸ್ತರ್ ಬರ್ತಾರ, ಆವಾಗ ಹೋಗೂಣು. ಅವ್ವನೂ ಒಂದೀಟ ಸಮಾಧಾನ ಆಗ್ಲಿ" ಎಂದ.

"ಫೋನ್ ಇವತ್ತ ಮಾಡ್ತೀನಿ" ಎಂದಳು ಅವಳು. "ಸಣ್ಣಾಕಿದ್ದಾಗ ತೋರಿಸಿದ್ರ ಕಿವಿಗಿ ಮಷಿನ್ ಹಾಕಿ ಮಾತ ಕಲಸ್ತಾರ ಅಂತ ನನ್ನ ಗೆಳತಿ ಬರದಾಳ. ತಡಾ ಆದಷ್ಟೂ ಕಷ್ಟ ಅಂತ. ನಿಮಗ ರಜಾ ಸಿಗದಿದ್ರ ನಾ ಹೋಗ್ತೀನಿ. ತುಳಸವ್ವ ನನ್ನ ಸಂಗಾಟ ಬರ್ತಾರ."

"ತುಳಸವ್ವ? ಆಕಿ ಯಾಕ?"

"ಕೂಸು ಆಕಿ ಹತ್ರ ಅಳಂಗಿಲ್ಲ" ಎಂದಳು ರತ್ನಮಾಲಾ. ಅದು ಸುಳ್ಳೂ ಅಲ್ಲ.

ಅವಳು ಗೋಡೆಯ ಬಳಿಗೆ ಹೋಗಿ ಮಾರ್ಚ್ ಹಾಳೆಯನ್ನು ಎತ್ತಿದಳು. ಭೂಪಾಲ ಬೆರಗಾಗಿ ನೋಡಿದ; ತನ್ನ ಜಪಾನಿನ ಬೆನ್ನಿಗೆ ಹೆಂಡತಿಯ ಅಕ್ಷರ. ಅವಳು ನಂಬರನ್ನು ಚೀಟಿಗೆ ಇಳಿಸಿಕೊಳ್ಳಲು ಪೆನ್ನು ಹುಡುಕುತ್ತಿದ್ದಾಗ ಅವನು ಎದ್ದು ಬಂದು ಹಾಳೆಯನ್ನೇ ನಿಧಾನಕ್ಕೆ, ಅಂಚು ಹರಿಯದಂತೆ ಕಿತ್ತು ಅವಳ ಕೈಗೆ ಕೊಟ್ಟ. ಕೆಳಗೆ ಏಪ್ರಿಲ್ ತಿಂಗಳಿತ್ತು, ಯಾವುದೋ ಹೂವಿನ ಮರ.

"ಎಷ್ಟ ದಿನದಿಂದ ಬರದಿಟ್ಟಿದ್ದಿ?"

"ಭಾಳ ದಿನ ಆತು."

"ನಾ ನಗತಿದ್ನೆಲ್ಲ, ಅದಕ" ಎಂದ ಅವನು, ಅವಳನ್ನು ನೋಡದೆ.

ಸ್ಟೇಶನ್ನಿನಲ್ಲಿದ್ದ ಫೋನುಗಳು ರೈಲ್ವೆಯ ಫೋನುಗಳು. ಹೊರಗಿನವರಿಗೆ ಅವು ಹತ್ತುತ್ತಿರಲಿಲ್ಲ. ಊರಿನ ಕ್ರಾಸಿನಲ್ಲಿ ಗಂಗಾರಾಮನ ಗೊಬ್ಬರದ ಅಂಗಡಿಯ ಮೂಲೆಯಲ್ಲಿ, ಹೋದ ವರ್ಷವಷ್ಟೇ ಗಾಜಿನ ಎಸ್‌ಟಿಡಿ ಡಬ್ಬಿ ಬಂದಿತ್ತು. ಎರಡು ಗಂಟೆಗೆ ತುಳಸವ್ವನ ಪಾಳಿ ಮುಗಿಯುತ್ತಲೇ ಇಬ್ಬರೂ ಕಬ್ಬಿನ ನಡುವಿನ ಹಾದಿ ಹಿಡಿದು ಹೊರಟರು. ಕೂಸು ತುಳಸವ್ವನ ಸೊಂಟದ ಮೇಲಿತ್ತು. ರತ್ನಮಾಲಾಳಿಗೆ ಹಳೆಯ ಹೆದರಿಕೆಗಳೆಲ್ಲ ಸಾಲಾಗಿ ಬಂದವು. ಲೈನು ಸಿಗದಿದ್ದರೆ, ಡಾಕ್ಟರು ಊರಲ್ಲಿಲ್ಲದಿದ್ದರೆ, ಮಷಿನ್ನಿಗೂ ಕೇಳಿಸದಿದ್ದರೆ. ಪ್ರತಿ ಹೆದರಿಕೆಗೂ ಅವಳ ನಡಿಗೆ ಇನ್ನಷ್ಟು ಜೋರಾಯಿತು.

ಹಿಂದೆ ಬೀಳುತ್ತಿದ್ದ ತುಳಸವ್ವ ಅವಳ ದವಡೆ ಆಡುವುದನ್ನು ಕಂಡು ಕೂಗಿದಳು: "ಬಾಯಾರ, ಮಾತಾಡೂದಿದ್ರ ಹೊಳ್ಳಿ ಮಾತಾಡ್ರಿ. ನಿಮ್ಮ ಬೆನ್ನಿಗಿ ತುಟಿ ಇಲ್ಲ."

ರತ್ನಮಾಲಾ ನಿಂತಳು. ತಾನು ಇಷ್ಟು ಹೊತ್ತು ಬಾಯಿಬಿಟ್ಟೇ ಚಿಂತಿಸುತ್ತಿದ್ದೆನೆಂದು ಆಗ ಅವಳಿಗೆ ತಿಳಿಯಿತು. ಹೊರಳಿ, ಕೂಸಿನ ಎದುರಿಗೆ ಮುಖ ತಂದು, "ತ್ರಿಶಲಾ" ಎಂದಳು. ಕೂಸು ಅವಳ ತುಟಿ ನೋಡಿ, ತನ್ನ ತುಟಿ ಮುಂದೆ ಮಾಡಿತು.

"ಹಾಂ, ಹಂಗ" ಎಂದಳು ತುಳಸವ್ವ. "ದಿನಾ ಹಂಗ."

ಗಂಗಾರಾಮ ಯೂರಿಯಾದ ಚೀಲ ಸರಿಸಿ ದಾರಿ ಮಾಡಿಕೊಟ್ಟ. ಡಬ್ಬಿಯಲ್ಲಿ ಒಬ್ಬರಿಗಷ್ಟೇ ಜಾಗ. ಕೂಸನ್ನು ಎತ್ತಿಕೊಂಡ ತುಳಸವ್ವ ಗಾಜಿನ ಹೊರಗೆ, ರತ್ನಮಾಲಾಳ ಮುಖ ಕಾಣುವಂತೆ ನಿಂತಳು. ಮೊದಲ ಸಲ ಲೈನು ಸಿಗಲಿಲ್ಲ. ಎರಡನೆಯ ಸಲ ಯಾರದೋ ಮನೆಗೆ ಹೋಯಿತು. ಮೂರನೆಯ ಸಲ ಒಂದು ಅಂಕಿ ತಪ್ಪು ಒತ್ತಿದಳು. ಜಪಾನಿನ ಹಾಳೆಯನ್ನು ಗಾಜಿಗೆ ಒತ್ತಿ ಹಿಡಿದು, ಒಂದೊಂದೇ ಅಂಕಿ ಬಾಯಲ್ಲಿ ಹೇಳುತ್ತ ನಾಲ್ಕನೆಯ ಸಲ ಒತ್ತಿದಳು.

ಆ ಕಡೆ ಒಬ್ಬ ಹೆಂಗಸು, ಮರಾಠಿ ಬೆರೆತ ಕನ್ನಡ. "ಬೋಲಾ, ಯಾರ್ರಿ?"

"ಮಾವಿನಕಟ್ಟಿ ರೋಡ್ ಸ್ಟೇಶನ್ನಿನಿಂದರಿ. ಡಾಕ್ಟರಿಗಿ ತೋರಿಸೂದಿತ್ತು."

"ಪೇಶಂಟ್ ಹೆಸರು?"

"ತ್ರಿಶಲಾ. ಹದಿನಾರ ತಿಂಗಳು."

"ಏನ ತ್ರಾಸ ಐತಿ?"

ಎರಡು ತಿಂಗಳು ನುಂಗಿಕೊಂಡಿದ್ದ ಮಾತು ಅದು. ಗಂಡನ ಮುಂದೆ ಕೂಡ ಅವಳು ಅದನ್ನು ಬಾಯಿಬಿಟ್ಟು ಅಂದಿರಲಿಲ್ಲ, ಹಳಿಯ ತುಂಡೇ ಹೇಳಿತ್ತು. ರತ್ನಮಾಲಾ ಗಾಜಿನ ಆಚೆಗೆ ನೋಡಿದಳು.

"ಕಿವಿ ಕೇಳಸಂಗಿಲ್ಲರಿ" ಎಂದಳು.

ಗಾಜಿನ ಹೊರಗಿದ್ದ ತುಳಸವ್ವ ಆ ತುಟಿಗಳನ್ನು ಓದಿ, ಹೌದೆಂದು ತಲೆ ಆಡಿಸಿದಳು.

"ಗುರುವಾರ ಹತ್ತಕ್ಕ ಬರ್ರಿ. ಒಬ್ಬರದ ತೋರಿಸೂದೇನು?"

ಬೆಳಗಿನ ಪ್ಯಾಸೆಂಜರಿಗೆ ಹೋದರೆ ಹತ್ತಕ್ಕೆ ಮುಟ್ಟಬಹುದು. ಮಿರಜಿನ ಆಸ್ಪತ್ರೆ ರೈಲ್ವೆಯದಲ್ಲ. ಅಲ್ಲಿ ಬರೆದದ್ದು ಹುಬ್ಬಳ್ಳಿಯ ರೈಲ್ವೆ ಆಫೀಸಿಗೆ ಹೋಗುವುದಿಲ್ಲ. ರತ್ನಮಾಲಾ ಫೋನಿನ ಬಾಯಿಗೆ ಅಂಗೈ ಮುಚ್ಚಿ, ಗಾಜಿನ ಹೊರಗೆ ಮುಖ ಮಾಡಿ, ತುಟಿಯನ್ನು ಬಿಡಿಸಿ ಬಿಡಿಸಿ ಕೇಳಿದಳು: "ನೀವೂ?"

ತುಳಸವ್ವ ಬೇಡವೆಂದು ಕೈ ಆಡಿಸಿದಳು. ಮತ್ತೊಮ್ಮೆ ಜೋರಾಗಿ ಆಡಿಸಿದಳು. ಕೂಸು ಅದನ್ನು ಆಟವೆಂದು ತಿಳಿದು ಅವಳ ಬೆರಳು ಹಿಡಿದುಕೊಂಡಿತು.

"ಹಲೋ? ಲೈನ್‌ಮ್ಯಾಲ ಅದೀರೇನ್ರಿ?"

"ಅದೀನ್ರಿ" ಎಂದಳು ರತ್ನಮಾಲಾ. "ಇಬ್ಬರಂತ ಬರಕೋರಿ. ಎರಡನೇದವ್ರ ಹೆಸರು ಅಲ್ಲಿ ಬಂದಮ್ಯಾಲ ಹೇಳ್ತೀನಿ."